ಸುಲ್ತಾನ್ ಪಾಸಾದ, ಹೆಸರು ಮಾರಾಟವಾಯ್ತು: ಲ್ಯಾಬ್ರಡೂಡಲ್ ಕಥೆ

ಇವತ್ತಿನ ಎಪಿಸೋಡ್ ನಮ್ಮ ಮನೆಯ ವಾಟ್ಸಾಪ್ ಗ್ರೂಪ್‌ನಿಂದ ಶುರುವಾಗಿ ಆಸ್ಟ್ರೇಲಿಯಾಗೆ ಹೋಗಿ, ಮತ್ತೆ ವಾಪಸ್ ಮನೆಗೇ ಬರುತ್ತೆ.

ಸ್ವಲ್ಪ ದಿನದ ಹಿಂದೆ ಭಾವ ನನಗೊಂದು ರೀಲ್ ಕಳಿಸಿದ್ರು. ಗುಂಗುರು ಕೂದಲಿನ, ಬಿಸ್ಕತ್ತಿನ ಬಣ್ಣದ ನಾಯಿಮರಿ. ಟೆಡ್ಡಿ ಬೇರ್‌ಗೆ ಜೀವ ಬಂದು ಓಡಾಡ್ತಿರೋ ಹಾಗಿತ್ತು. ಕೆಳಗೆ ಬರೆದಿದ್ರು: ಲ್ಯಾಬ್ರಡೂಡಲ್, ಕೂದಲು ಉದುರಲ್ಲ, ಅಲರ್ಜಿ ಆಗಲ್ಲ, ನೂರಕ್ಕೆ ನೂರು ಗ್ಯಾರಂಟಿ. ಬೆಲೆ ಬೇಕಿದ್ರೆ ಮೆಸೇಜ್ ಮಾಡಿ ಅಂತ. ಭಾವ ಮೆಸೇಜ್ ಮಾಡಿದ್ರು. ಬಂದ ರೇಟು ನಾನು ಕೊಂಡ ಮೊದಲ ಸೆಕೆಂಡ್ ಹ್ಯಾಂಡ್ ಬೈಕಿಗಿಂತ ಜಾಸ್ತಿ ಇತ್ತು.

ಭಾವನಿಗೆ ನಾಯಿ ಹುಚ್ಚೇನೂ ಇಲ್ಲ. ಹುಚ್ಚಿರೋದು ಅಕ್ಕನ ಮಗನಿಗೆ. ಏಳು ವರ್ಷ. ಬೀದಿಯಲ್ಲಿ ನಾಯಿ ಕಂಡ್ರೆ ಕೈಯಲ್ಲಿರೋ ಬನ್ ಪೂರ್ತಿ ಕೊಟ್ಟು ಬರ್ತಾನೆ. ಆದರೆ ಅವನಿಗೆ ವೀಸಿಂಗ್ ಇದೆ. ಮಳೆಗಾಲದಲ್ಲಿ ಎಷ್ಟೋ ರಾತ್ರಿ ಅಕ್ಕ ನೆಬ್ಯುಲೈಸರ್ ಹಿಡ್ಕೊಂಡು ಕೂತಿರ್ತಾಳೆ. ಒಂದು ಸಲ ಗೆಳೆಯನ ಮನೆಯ ನಾಯಿ ಜೊತೆ ಆಡಿ ಬಂದು ಕಣ್ಣು ಊದಿಸಿಕೊಂಡಿದ್ದ. ಅಂಥ ಮನೆಗೆ ‘ಅಲರ್ಜಿ ಆಗಲ್ಲ’ ಅನ್ನೋ ಎರಡು ಪದ ಬಂದು ಬಿದ್ರೆ ಹೇಗಿರುತ್ತೆ, ಯೋಚಿಸಿ. ಭಾವ ಅಡ್ವಾನ್ಸ್ ಕೊಡೋಕೆ ರೆಡಿ. ಅಕ್ಕ ಫೋನ್ ಮಾಡಿ, “ನೀನು ಪಾಡ್‌ಕಾಸ್ಟ್‌ಗೆ ಅಂತ ಏನೇನೋ ಹುಡುಕ್ತೀಯಲ್ಲ, ಇದೊಂದು ನಿಜಾನಾ ನೋಡಿ ಹೇಳೋ” ಅಂದಳು.

ನಾನು ಬಿ.ಕಾಂ. ಓದಿದವನು, ನಾಯಿ ಡಾಕ್ಟರ್ ಅಲ್ಲ. ಆದರೆ ಆಡಿಟಿಂಗ್ ಪಾಠದಲ್ಲಿ ಒಂದು ವಿಷಯ ತಲೆಗೆ ಹತ್ತಿತ್ತು: ಯಾರಾದ್ರೂ ಏನಾದ್ರೂ ಗ್ಯಾರಂಟಿ ಅಂದ್ರೆ, ಆ ಮಾತಿಗೆ ಆಧಾರ ಏನು ಅಂತ ಮೂಲದವರೆಗೂ ಹೋಗಿ ನೋಡಬೇಕು. ಹಾಗೆ ನೋಡ್ತಾ ಹೋದಾಗ ಸಿಕ್ಕಿದ್ದು ಸುಲ್ತಾನ್ ಅನ್ನೋ ಒಂದು ನಾಯಿ, ಮತ್ತು ತಾನು ಮಾಡಿದ ಕೆಲಸಕ್ಕೆ ಆಮೇಲೆ ಪಶ್ಚಾತ್ತಾಪ ಪಟ್ಟ ಒಬ್ಬ ಮನುಷ್ಯ.

ಮೊದಲು ಈ ನಾಯಿಯ ಅಪ್ಪ ಅಮ್ಮನ ಪರಿಚಯ ಮಾಡ್ಕೊಳ್ಳೋಣ. ಲ್ಯಾಬ್ರಡೂಡಲ್ ಅಂದ್ರೆ ಲ್ಯಾಬ್ರಡಾರ್ ಮತ್ತು ಪೂಡಲ್ ಸೇರಿಸಿ ಹುಟ್ಟಿಸಿದ ಮರಿ.

ಲ್ಯಾಬ್ರಡಾರ್ ನಮಗೆಲ್ಲ ಗೊತ್ತು. ಅದರ ಮೂಲ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೀರ. ಅಲ್ಲಿನ ಮೀನುಗಾರರ ದೋಣಿಯಲ್ಲಿ ಕೆಲಸ ಮಾಡ್ತಿದ್ದ ನಾಯಿಗಳು 19ನೇ ಶತಮಾನದಲ್ಲಿ ಹಡಗು ಹತ್ತಿ ಇಂಗ್ಲೆಂಡಿಗೆ ಬಂದವು. ಅಲ್ಲಿನ ಶ್ರೀಮಂತರು ಬೇಟೆಗೆ ಬಳಸಿದ್ರು. ಹೊಡೆದ ಹಕ್ಕಿಯನ್ನ ಕಚ್ಚಿ ಹಾಳು ಮಾಡದೆ ಬಾಯಲ್ಲಿ ಹಿಡಿದು ತಂದುಕೊಡೋದು ಇದರ ಕೆಲಸ. 1903ರಲ್ಲಿ ಬ್ರಿಟನ್ನಿನ ಕೆನಲ್ ಕ್ಲಬ್ ಇದನ್ನ ಒಂದು ತಳಿ ಅಂತ ಒಪ್ಕೊಂಡಿತು.

ಪೂಡಲ್ ಅಂದ ತಕ್ಷಣ ನಮಗೆ ನೆನಪಾಗೋದು ಸಿನಿಮಾದಲ್ಲಿ ಶ್ರೀಮಂತ ಆಂಟಿಯರ ಮಡಿಲಲ್ಲಿ ಕೂರೋ ನಾಯಿ. ಆದರೆ ದೊಡ್ಡ ಪೂಡಲ್, ಅಂದ್ರೆ ಸ್ಟ್ಯಾಂಡರ್ಡ್ ಪೂಡಲ್, ಕೂಡ ನೀರಿಗೆ ಹಾರಿ ಬಾತುಕೋಳಿ ಹೆಕ್ಕಿ ತರ್ತಿದ್ದ ಕೆಲಸದ ನಾಯಿ. ಅದರ ಹೆಸರೇ ನೀರಲ್ಲಿ ಪಚಪಚ ಅನ್ನೋದಕ್ಕಿರೋ ಜರ್ಮನ್ ಪದದಿಂದ ಬಂದಿದೆ. ಆ ವಿಚಿತ್ರ ಹೇರ್‌ಕಟ್ ಕೂಡ ಮೊದಲು ಶೋಕಿಗೆ ಬಂದದ್ದಲ್ಲ. ಈಜೋಕೆ ಹಗುರಾಗಲಿ, ಎದೆ ಮತ್ತು ಕೀಲುಗಳು ಮಾತ್ರ ಬೆಚ್ಚಗಿರಲಿ ಅಂತ ಕತ್ತರಿಸ್ತಿದ್ರಂತೆ. ಇದರ ಕೂದಲು ನಮ್ಮ ತಲೆಗೂದಲಿನ ಹಾಗೆ ಬೆಳೀತಾನೇ ಇರುತ್ತೆ, ನೆಲಕ್ಕೆ ಉದುರೋದು ತುಂಬಾ ಕಡಿಮೆ.

ಇಲ್ಲಿ ಒಂದು ಮಾತು. ‘ಶುದ್ಧ ತಳಿ’ ಅನ್ನೋದು ಅನಾದಿಕಾಲದಿಂದ ಬಂದದ್ದಲ್ಲ. ಇಂಗ್ಲೆಂಡಿನಲ್ಲಿ ನಾಯಿಗಳ ಪ್ರದರ್ಶನ ಸ್ಪರ್ಧೆ ಶುರುವಾಗಿದ್ದು 1859ರಲ್ಲಿ. ವಂಶಾವಳಿ ಬರೆದಿಡೋ ಕೆನಲ್ ಕ್ಲಬ್ ಹುಟ್ಟಿದ್ದು 1873ರಲ್ಲಿ. ಅದಕ್ಕೂ ಮುಂಚೆ ಜನ ಕೆಲಸಕ್ಕೆ ತಕ್ಕ ಹಾಗೆ ನಾಯಿಗಳನ್ನ ಬೆರೆಸಿ ಬೆಳೆಸ್ತಿದ್ರು. ಹಾಗಾಗಿ ಕ್ರಾಸ್ ಮಾಡೋದೇ ತಪ್ಪು ಅಂತ ನಾನು ಹೇಳೋಕೆ ಹೊರಟಿಲ್ಲ. ನನ್ನ ಪ್ರಶ್ನೆ ಬೇರೆ.

ಈಗ ಗೈಡ್ ಡಾಗ್ ವಿಷಯಕ್ಕೆ ಬರೋಣ, ಯಾಕಂದ್ರೆ ನಮ್ಮ ಕಥೆ ಶುರುವಾಗೋದು ಅಲ್ಲಿಂದ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳಕೊಂಡು ಬಂದ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡನ್‌ಬುರ್ಗ್ ಊರಲ್ಲಿ ನಾಯಿಗಳಿಗೆ ತರಬೇತಿ ಕೊಡೋ ಶಾಲೆ ಶುರುವಾಯ್ತು. ಆಮೇಲೆ ಬೇರೆ ಬೇರೆ ದೇಶಗಳಿಗೆ ಹರಡಿತು. ಗೈಡ್ ಡಾಗ್ ಆಗೋದು ಸುಲಭದ ಕೆಲಸ ಅಲ್ಲ. ಹಾರ್ನ್‌ಗೆ ಬೆಚ್ಚಬಾರದು, ಬೆಕ್ಕು ಕಂಡ್ರೆ ಓಡಬಾರದು, ಬಿದ್ದ ತಿಂಡಿಗೆ ಬಾಯಿ ಹಾಕಬಾರದು. ಯಜಮಾನರು ‘ಮುಂದೆ ನಡಿ’ ಅಂದಾಗ ಎದುರಿಗೆ ಕಾರು ಬರ್ತಿದ್ರೆ ಆ ಮಾತನ್ನ ಮೀರಿ ನಿಲ್ಲೋ ಬುದ್ಧಿ ಬೇಕು. ಲ್ಯಾಬ್ರಡಾರ್‌ಗೆ ಈ ಸಮಾಧಾನ ಹುಟ್ಟಿನಿಂದಲೇ ಸ್ವಲ್ಪ ಇರುತ್ತೆ. ಅದಕ್ಕೇ ಗೈಡ್ ಡಾಗ್ ಸಂಸ್ಥೆಗಳಿಗೆ ಲ್ಯಾಬ್ರಡಾರ್ ಅಂದ್ರೆ ಪ್ರೀತಿ.

1980ರ ದಶಕದ ಕೊನೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ. ಅಲ್ಲಿನ ರಾಯಲ್ ಗೈಡ್ ಡಾಗ್ಸ್ ಸಂಸ್ಥೆಯಲ್ಲಿ ವಾಲಿ ಕಾನ್ರನ್ ಅನ್ನೋರು ನಾಯಿಗಳ ಬ್ರೀಡಿಂಗ್ ವಿಭಾಗ ನೋಡ್ಕೋತಿದ್ರು. ಅವರಿಗೆ ಹವಾಯಿಯಿಂದ ಒಂದು ಕೋರಿಕೆ ಬಂತು. ದೃಷ್ಟಿದೋಷ ಇರೋ ಒಬ್ಬ ಹೆಣ್ಣುಮಗಳಿಗೆ ಗೈಡ್ ಡಾಗ್ ಬೇಕು. ಆದರೆ ಗಂಡನಿಗೆ ನಾಯಿ ಅಂದ್ರೆ ಅಲರ್ಜಿ. ನಾಯಿ ಬಂದ್ರೆ ಗಂಡನಿಗೆ ಕಷ್ಟ, ಬರದಿದ್ರೆ ಹೆಂಡತಿ ಒಬ್ಬಳೇ ರಸ್ತೆ ದಾಟೋ ಹಾಗಿಲ್ಲ. ನಮ್ಮ ಅಕ್ಕನ ಮನೆ ಕಥೆಗೆ ಹತ್ತಿರ ಇದೆ ಅಲ್ವಾ?

ಕಾನ್ರನ್‌ಗೆ ಇದು ಸುಲಭ ಅನ್ನಿಸಿತು. ಪೂಡಲ್ ಕೂದಲು ಉದುರಲ್ಲ, ಬುದ್ಧಿ ಚುರುಕು. ಒಂದು ಒಳ್ಳೆ ಪೂಡಲ್‌ಗೆ ತರಬೇತಿ ಕೊಟ್ಟು ಕಳಿಸಿದ್ರಾಯ್ತು. ಒಂದಾದ ಮೇಲೆ ಒಂದರಂತೆ 33 ಪೂಡಲ್‌ಗಳನ್ನ ಪರೀಕ್ಷೆ ಮಾಡಿದ್ರು. ಒಂದೂ ಗೈಡ್ ಡಾಗ್ ಕೆಲಸಕ್ಕೆ ಒಗ್ಗಲಿಲ್ಲ. ಕೊನೆಗೆ, ಲ್ಯಾಬ್ರಡಾರ್‌ನ ಸ್ವಭಾವ, ಪೂಡಲ್‌ನ ಕೂದಲು ಎರಡೂ ಒಂದೇ ನಾಯಿಯಲ್ಲಿ ಸಿಗಬಹುದಾ ನೋಡೋಣ ಅಂತ 1989ರಲ್ಲಿ ಎರಡನ್ನೂ ಸೇರಿಸಿದ್ರು. ಮೂರು ಮರಿ ಹುಟ್ಟಿದವು.

ಮುಂದೆ ಅವರು ಮಾಡಿದ್ದನ್ನ ಗಮನ ಇಟ್ಟು ಕೇಳಿ, ಈ ಎಪಿಸೋಡಿನ ಜೀವ ಇರೋದೇ ಅಲ್ಲಿ. ‘ಅಪ್ಪ ಪೂಡಲ್, ಅಲರ್ಜಿ ಆಗಲ್ಲ ತಗೊಳ್ಳಿ’ ಅಂತ ಮರಿ ಕಳಿಸಲಿಲ್ಲ. ಮೂರೂ ಮರಿಗಳ ಕೂದಲು ಮತ್ತು ಜೊಲ್ಲಿನ ಸ್ಯಾಂಪಲ್ ತೆಗೆದು ಹವಾಯಿಗೆ ಕಳಿಸಿದ್ರು. ಆ ಗಂಡನ ಮೇಲೆ ಪರೀಕ್ಷೆ ಆಯ್ತು. ಮೂರರಲ್ಲಿ ಒಂದು ಮರಿಯ ಸ್ಯಾಂಪಲ್‌ಗೆ ಮಾತ್ರ ಅವರಿಗೆ ಏನೂ ಆಗಲಿಲ್ಲ. ಆ ಮರಿಯೇ ಸುಲ್ತಾನ್. ಅವನು ತರಬೇತಿ ಮುಗಿಸಿ, ಹವಾಯಿಗೆ ಹೋಗಿ, ಆ ಹೆಣ್ಣುಮಗಳ ಜೊತೆ ಗೈಡ್ ಡಾಗ್ ಆಗಿ ಕೆಲಸ ಮಾಡಿದ.

ಒಂದೇ ಅಪ್ಪ, ಒಂದೇ ಅಮ್ಮ, ಒಂದೇ ದಿನ ಹುಟ್ಟಿದ ಮೂರು ಮರಿ. ಪಾಸಾಗಿದ್ದು ಒಂದು. ಅದೂ ಒಬ್ಬ ಮನುಷ್ಯನ ಮೂಗಿಗೆ. ಇದನ್ನ ನೆನಪಿಟ್ಕೊಳ್ಳಿ.

ಈ ಮರಿಗಳನ್ನ ಸಾಕೋರು ಸಿಕ್ಕಿದ್ರಾ? ಗೈಡ್ ಡಾಗ್ ಮರಿಗಳನ್ನ ಮೊದಲು ಸಾಮಾನ್ಯ ಕುಟುಂಬಗಳು ಮನೆಯಲ್ಲಿಟ್ಟು ಸಾಕಿ, ಜನ, ಸದ್ದು, ಗಾಡಿ ಎಲ್ಲ ಅಭ್ಯಾಸ ಮಾಡಿಸಿ ವಾಪಸ್ ಕೊಡೋ ಪದ್ಧತಿ ಇದೆ. ಶುದ್ಧ ತಳಿಯ ಮರಿ ಅಂದ್ರೆ ಜನ ಹೆಸರು ಬರೆಸಿ ಕಾಯ್ತಿದ್ರು. ಕ್ರಾಸ್ ಮರಿ ಅಂದಾಗ ಯಾರೂ ಮುಂದೆ ಬರಲಿಲ್ಲ.

ಆಗ ಕಾನ್ರನ್ ಒಂದು ಐಡಿಯಾ ಮಾಡಿದ್ರು. ಸಂಸ್ಥೆಯ ಪ್ರಚಾರ ವಿಭಾಗಕ್ಕೆ ಹೋಗಿ, ಕ್ರಾಸ್ ಅನ್ನೋ ಪದ ಬಿಟ್ಟುಬಿಡಿ, ನಾವು ಅಲರ್ಜಿ ಮಾಡದ ಹೊಸ ಗೈಡ್ ಡಾಗ್ ತಂದಿದ್ದೀವಿ, ಹೆಸರು ಲ್ಯಾಬ್ರಡೂಡಲ್ ಅಂತ ಪತ್ರಿಕೆಯವರಿಗೆ ಹೇಳಿ ಅಂದ್ರು. ಸುದ್ದಿ ಹೊರಗೆ ಬಂದದ್ದೇ ತಡ, ಫೋನ್ ಮೇಲೆ ಫೋನ್. ಮರಿ ಅವೇ. ಅಪ್ಪ ಅಮ್ಮ ಅವರೇ. ಬದಲಾದದ್ದು ಹೆಸರು ಮಾತ್ರ. ಬ್ರ್ಯಾಂಡಿಂಗ್ ಪಾಠಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಆದರೆ ಬ್ರ್ಯಾಂಡ್ ಅಂದ ಮೇಲೆ ಹಿಂದೆ ಒಂದು ಗುಣಮಟ್ಟದ ಪರೀಕ್ಷೆ ಇರಬೇಕಲ್ವಾ? ಹಾಲ್‌ಮಾರ್ಕ್ ಚಿನ್ನ ಅಂದ್ರೆ ಯಾರೋ ಆ ಒಡವೆಯನ್ನೇ ಪರೀಕ್ಷೆ ಮಾಡಿ ಗುರುತು ಒತ್ತಿರ್ತಾರೆ. ಲ್ಯಾಬ್ರಡೂಡಲ್ ವಿಷಯದಲ್ಲಿ ಹೆಸರು ಪ್ರಪಂಚ ಸುತ್ತಿತು, ಪರೀಕ್ಷೆ ಮೆಲ್ಬರ್ನ್‌ನಲ್ಲೇ ಉಳೀತು. ಕಾನ್ರನ್ ಮುಂದೆ ಹುಟ್ಟಿಸಿದ ಹತ್ತು ಮರಿಗಳ ಒಂದು ಗುಂಪಿನಲ್ಲೂ ಅಲರ್ಜಿ ಪರೀಕ್ಷೆಯಲ್ಲಿ ಪಾಸಾದವು ಮೂರೇ ಅಂತ ಅವರೇ ಬರೆದಿದ್ದಾರೆ. ಈ ಸಂಖ್ಯೆಯನ್ನ ಯಾವ ರೀಲ್‌ನಲ್ಲೂ ಹಾಕಲ್ಲ ನೋಡಿ.

ಯಾಕೆ ಹೀಗೆ? ಇದಕ್ಕೆ ಸ್ವಲ್ಪ ವಿಜ್ಞಾನ ಬೇಕು, ಗಾಬರಿಯಾಗಬೇಡಿ.

ನಾವೆಲ್ಲ ಅಂದ್ಕೊಂಡಿರೋದು ನಾಯಿ ಕೂದಲಿನಿಂದ ಅಲರ್ಜಿ ಅಂತ. ನಿಜವಾಗಿ ತೊಂದರೆ ಕೊಡೋದು ಕೆಲವು ಪ್ರೋಟೀನ್‌ಗಳು. ಅವು ನಾಯಿಯ ಜೊಲ್ಲಿನಲ್ಲಿ, ಚರ್ಮದಿಂದ ಉದುರೋ ಹೊಟ್ಟಿನಲ್ಲಿ, ಮೂತ್ರದಲ್ಲಿ ಇರುತ್ತವೆ. ಮುಖ್ಯವಾದ ಒಂದಕ್ಕೆ ಕ್ಯಾನ್ ಎಫ್ 1 ಅಂತ ಹೆಸರು. ನಾಯಿ ಮೈ ನೆಕ್ಕಿಕೊಳ್ಳುತ್ತೆ, ಜೊಲ್ಲು ಕೂದಲಿಗೆ ಅಂಟುತ್ತೆ, ಒಣಗುತ್ತೆ, ಗಾಳಿಗೆ ಸೇರುತ್ತೆ. ಕೂದಲು ಬರೀ ಗಾಡಿ, ಪ್ರೋಟೀನ್ ಅದರ ಮೇಲಿನ ಸವಾರ. ಕೂದಲು ಕಡಿಮೆ ಉದುರಿದ್ರೆ ಸೋಫಾ ಕ್ಲೀನ್ ಇರುತ್ತೆ, ಅದು ನಿಜ. ಆದರೆ ಸವಾರನಿಗೆ ಬೇರೆ ಗಾಡಿಗಳೂ ಇವೆ.

ಇದನ್ನ ಅಳೆದು ನೋಡಿದವರಿದ್ದಾರೆ. 2011ರಲ್ಲಿ ಅಮೆರಿಕದ ಡೆಟ್ರಾಯ್ಟ್‌ನ ಸಂಶೋಧಕರು ನಾಯಿ ಸಾಕಿದ ಮನೆಗಳ ಧೂಳಿನಲ್ಲಿ ಈ ಪ್ರೋಟೀನ್ ಎಷ್ಟಿದೆ ಅಂತ ನೋಡಿದ್ರು. ‘ಅಲರ್ಜಿ ಕಡಿಮೆ’ ಅನ್ನೋ ಹೆಸರಿನ ನಾಯಿಗಳ ಮನೆಗೂ ಬೇರೆ ನಾಯಿಗಳ ಮನೆಗೂ ವ್ಯತ್ಯಾಸ ಸಿಗಲಿಲ್ಲ. 2012ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಲ್ಯಾಬ್ರಡೂಡಲ್‌ಗಳನ್ನೂ ಸೇರಿಸಿ ಒಂದು ಅಧ್ಯಯನ ಆಯ್ತು. ಲ್ಯಾಬ್ರಡೂಡಲ್ ಇರೋ ಮನೆಗಳ ನೆಲದ ಧೂಳಿನಲ್ಲಿ ಪ್ರೋಟೀನ್ ಸ್ವಲ್ಪ ಕಡಿಮೆ ಇತ್ತು. ಆದರೆ ಉಸಿರಾಡೋ ಗಾಳಿಯಲ್ಲಿ ವ್ಯತ್ಯಾಸ ಇರಲಿಲ್ಲ. ಇನ್ನೂ ತಮಾಷೆ ಅಂದ್ರೆ, ‘ಅಲರ್ಜಿ ಇಲ್ಲದ’ ಗುಂಪಿನ ನಾಯಿಗಳ ಕೂದಲಲ್ಲೇ ಈ ಪ್ರೋಟೀನ್ ಜಾಸ್ತಿ ಸಿಕ್ಕಿತು. ಒಂದೇ ತಳಿಯೊಳಗೂ ಒಂದು ನಾಯಿಗೂ ಇನ್ನೊಂದಕ್ಕೂ ಬಹಳ ಏರುಪೇರು ಇತ್ತು.

ಅಂದ್ರೆ ನಿಮಗೆ ಒಗ್ಗೋ ನಾಯಿ ಇರಬಹುದು. ಒಗ್ಗೋ ತಳಿ ಅಂತ ಇಲ್ಲ.

ಕೂದಲಿನ ವಿಷಯಕ್ಕೂ ಗ್ಯಾರಂಟಿ ಇಲ್ಲ. ನಾಯಿಯ ಕೂದಲು ಉದ್ದ ಇರುತ್ತಾ, ಗುಂಗುರಾ, ಗಡ್ಡ ಮೀಸೆ ಬರುತ್ತಾ ಅನ್ನೋದನ್ನ ಬಹುಮಟ್ಟಿಗೆ ಮೂರು ಜೀನ್‌ಗಳು ತೀರ್ಮಾನಿಸ್ತವೆ ಅಂತ 2009ರಲ್ಲಿ ಗೊತ್ತಾಯ್ತು. ಲ್ಯಾಬ್ರಡಾರ್ ಮತ್ತು ಪೂಡಲ್ ನೇರವಾಗಿ ಸೇರಿ ಹುಟ್ಟಿದ ಮರಿಯನ್ನ ಎಫ್1 ಅಂತಾರೆ. ಅದು ಎರಡೂ ಕಡೆಯಿಂದ ಒಂದೊಂದು ಪ್ರತಿ ಪಡೆಯುತ್ತೆ. ಎರಡು ಎಫ್1 ನಾಯಿಗಳನ್ನ ಸೇರಿಸಿದ್ರೆ ಎಫ್2. ಅಲ್ಲಿ ಇಸ್ಪೀಟ್ ಎಲೆ ಕಲೆಸಿ ಹಂಚಿದ ಹಾಗೆ. ಒಂದು ಮರಿ ಪೂರ್ತಿ ಪೂಡಲ್ ಕೂದಲು, ಪಕ್ಕದ ಮರಿ ಲ್ಯಾಬ್ರಡಾರ್ ಹಾಗೇ ನುಣುಪು, ವರ್ಷವಿಡೀ ಉದುರುತ್ತೆ. ಎಫ್1 ನಾಯಿಯನ್ನ ಮತ್ತೆ ಪೂಡಲ್ ಜೊತೆ ಸೇರಿಸಿದ್ರೆ ಎಫ್1ಬಿ; ಮುಕ್ಕಾಲು ಪಾಲು ಪೂಡಲ್. ಮಾರೋರು ‘ಎಫ್1ಬಿ ಸರ್, ಟಾಪ್ ಕ್ವಾಲಿಟಿ’ ಅಂದ್ರೆ ಅದೇನೂ ಐಎಸ್ಐ ಮಾರ್ಕ್ ಅಲ್ಲ, ವಂಶದ ಲೆಕ್ಕ ಅಷ್ಟೆ.

2020ರಲ್ಲಿ ‘ಆಸ್ಟ್ರೇಲಿಯನ್ ಲ್ಯಾಬ್ರಡೂಡಲ್’ ಅಂತ ತಲೆಮಾರುಗಳಿಂದ ಬೆಳೆಸಿಕೊಂಡು ಬಂದ ನಾಯಿಗಳ ಡಿಎನ್ಎ ಪರೀಕ್ಷೆ ಮಾಡಿದ್ರು. ಅರ್ಧ ಅರ್ಧ ಇರಬಹುದು ಅಂದ್ಕೊಂಡ್ರೆ, ಬಹುಪಾಲು ಪೂಡಲ್ಲೇ ಇತ್ತು. ಜನ ಕೇಳಿದ್ದು ಗುಂಗುರು ಕೂದಲು. ಬ್ರೀಡರ್‌ಗಳು ಅದನ್ನೇ ಆರಿಸ್ತಾ ಆರಿಸ್ತಾ ಬಂದ್ರು. ಗೈಡ್ ಡಾಗ್‌ಗೆ ಬೇಕಿದ್ದ ಲ್ಯಾಬ್ರಡಾರ್ ಪಾಲು ಹಿಂದೆ ಸರೀತು.

ಮತ್ತೆ ಇತಿಹಾಸಕ್ಕೆ ಬರೋಣ. 1990ರ ದಶಕದಿಂದ ಹೆಸರು ಬೆಳೀತಾ ಹೋಯ್ತು. 2009ರಲ್ಲಿ ಬರಾಕ್ ಒಬಾಮ ಅಮೆರಿಕದ ಅಧ್ಯಕ್ಷರಾದಾಗ ದೊಡ್ಡ ಮಗಳಿಗೆ ಅಲರ್ಜಿ ಇದೆ, ಹಾಗಾಗಿ ಲ್ಯಾಬ್ರಡೂಡಲ್ ಅಥವಾ ಪೋರ್ಚುಗೀಸ್ ವಾಟರ್ ಡಾಗ್ ಇವೆರಡರಲ್ಲಿ ಒಂದು ಅಂತ ಟಿವಿಯಲ್ಲೇ ಹೇಳಿದ್ರು. ಕೊನೆಗೆ ಶ್ವೇತಭವನಕ್ಕೆ ಬಂದದ್ದು ವಾಟರ್ ಡಾಗ್, ಹೆಸರು ಬೋ. ಆದರೆ ಲ್ಯಾಬ್ರಡೂಡಲ್ ಅನ್ನೋ ಪದ ಅಷ್ಟರಲ್ಲಿ ಮನೆಮನೆ ತಲುಪಿತ್ತು. ಆಮೇಲೆ ಪೂಡಲ್ ಜೊತೆ ಸೇರದ ತಳಿಯೇ ಇಲ್ಲ ಅನ್ನೋ ಹಾಗಾಯ್ತು. ಗೋಲ್ಡನ್ ರಿಟ್ರೀವರ್ ಸೇರಿದ್ರೆ ಗೋಲ್ಡನ್‌ಡೂಡಲ್, ಕ್ಯಾವಲಿಯರ್ ಸೇರಿದ್ರೆ ಕ್ಯಾವಪೂ. ಕಾಕರ್ ಸ್ಪ್ಯಾನಿಯಲ್ ಸೇರಿದ ಕಾಕಪೂ ಅಂತೂ ಲ್ಯಾಬ್ರಡೂಡಲ್‌ಗಿಂತ ಹಳೇದು.

ಇದನ್ನೆಲ್ಲ ನೋಡ್ತಾ ಇದ್ದ ವಾಲಿ ಕಾನ್ರನ್‌ಗೆ ಸಂತೋಷ ಆಗಲಿಲ್ಲ. 2019ರಲ್ಲಿ ಆಸ್ಟ್ರೇಲಿಯಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಎಬಿಸಿಗೆ ಕೊಟ್ಟ ಸಂದರ್ಶನದಲ್ಲಿ, ಇದು ತನ್ನ ಬದುಕಿನ ದೊಡ್ಡ ಪಶ್ಚಾತ್ತಾಪ ಅಂದ್ರು. ತಾನು ಮಾಡಿದ್ದು ಒಬ್ಬ ಹೆಣ್ಣುಮಗಳ ಅಗತ್ಯಕ್ಕೆ. ಆಮೇಲೆ ದುಡ್ಡಿನಾಸೆಗೆ ಆರೋಗ್ಯ ನೋಡದೆ, ಸ್ವಭಾವ ನೋಡದೆ ಸಿಕ್ಕ ಸಿಕ್ಕ ನಾಯಿಗಳನ್ನ ಸೇರಿಸೋರಿಗೆ ದಾರಿ ತೆಗೆದುಕೊಟ್ಟ ಹಾಗಾಯ್ತು ಅಂತ ಅವರ ಕೊರಗು.

ಅವರ ಕೊರಗು ನನಗೆ ಅರ್ಥವಾಗುತ್ತೆ. ಆದರೂ ಒಂದು ಕಡೆ ಅವರ ಮಾತನ್ನ ಹಾಗೇ ಒಪ್ಪೋಕಾಗಲ್ಲ. ಹೆಚ್ಚಿನ ಲ್ಯಾಬ್ರಡೂಡಲ್‌ಗಳು ರೋಗಿಷ್ಟ ಅಥವಾ ಹುಚ್ಚು ಸ್ವಭಾವದವು ಅನ್ನೋ ಅರ್ಥದಲ್ಲಿ ಮಾತಾಡಿದ್ರು. ಆರೋಗ್ಯದ ಮಟ್ಟಿಗೆ ಅದು ಅತಿಯಾಯ್ತು. 2024ರಲ್ಲಿ ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು ಲ್ಯಾಬ್ರಡೂಡಲ್, ಕಾಕಪೂ, ಕ್ಯಾವಪೂ ಈ ಮೂರನ್ನೂ ಅವುಗಳ ಅಪ್ಪ ಅಮ್ಮನ ತಳಿಗಳ ಜೊತೆ ಹೋಲಿಸಿದ್ರು. ನೋಡಿದ ಕಾಯಿಲೆಗಳ ಹೋಲಿಕೆಗಳಲ್ಲಿ ಶೇಕಡಾ 86ಕ್ಕೂ ಹೆಚ್ಚಿನದರಲ್ಲಿ ವ್ಯತ್ಯಾಸವೇ ಇರಲಿಲ್ಲ. ಅಂದ್ರೆ ಕ್ರಾಸ್ ನಾಯಿ ಅಂತ ಹೆಚ್ಚು ಕಾಯಿಲೆಯೂ ಇಲ್ಲ. ಮಾರೋರು ಹೇಳೋ ಹಾಗೆ ‘ಮಿಕ್ಸ್ ಆದ್ರೆ ಗಟ್ಟಿಮುಟ್ಟು’ ಅನ್ನೋದೂ ಇಲ್ಲ.

ಅದಕ್ಕೆ ಕಾರಣವೂ ಇದೆ. ಬೆರೆಸಿದ್ರೆ ರೋಗ ಹೋಗೋದು ಯಾವಾಗ? ಆ ರೋಗ ಒಂದು ಕಡೆ ಮಾತ್ರ ಇದ್ದಾಗ. ಸೊಂಟದ ಕೀಲು ಸರಿಯಾಗಿ ಕೂರದ ಹಿಪ್ ಡಿಸ್ಪ್ಲೇಸಿಯಾ ಲ್ಯಾಬ್ರಡಾರ್‌ನಲ್ಲೂ ಇದೆ, ಸ್ಟ್ಯಾಂಡರ್ಡ್ ಪೂಡಲ್‌ನಲ್ಲೂ ಇದೆ. ನಿಧಾನವಾಗಿ ಕಣ್ಣು ಕಾಣದ ಹಾಗೆ ಮಾಡೋ ಪಿಆರ್‌ಎ ಅನ್ನೋ ರೋಗದ ಒಂದು ಬಗೆಗೆ ಕಾರಣವಾದ ಜೀನ್ ದೋಷ ಎರಡೂ ತಳಿಯಲ್ಲಿ ಒಂದೇ. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬಂದ್ರೆ ಮರಿ ದೊಡ್ಡದಾಗ್ತಾ ಕುರುಡಾಗುತ್ತೆ. ಕಣ್ಣು ಕಾಣದವರಿಗೆ ದಾರಿ ತೋರಿಸಲಿ ಅಂತ ಶುರುವಾದ ನಾಯಿಗೆ ಈ ಗತಿ ಬರಬಾರದು ಅಂದ್ರೆ, ಸೇರಿಸೋಕೆ ಮುಂಚೆ ಅಪ್ಪ ಅಮ್ಮನಿಗೆ ಒಂದು ಡಿಎನ್ಎ ಪರೀಕ್ಷೆ ಮಾಡಿಸಿದ್ರೆ ಸಾಕು. ಆ ಪರೀಕ್ಷೆ ಇದೆ. ಮಾಡಿಸ್ತಾರಾ ಅನ್ನೋದೇ ಪ್ರಶ್ನೆ.

ಸರಿ, ಅಲರ್ಜಿ ಇಲ್ಲದ ಮನೆಯವರು, ನಮಗೆ ಈ ನಾಯಿ ಇಷ್ಟ, ಸಾಕ್ತೀವಿ ಅಂದ್ರೆ? ಖಂಡಿತ ಸಾಕಿ. ಆದರೆ ಏನು ಒಪ್ಕೊಳ್ತಿದ್ದೀರಿ ಅಂತ ಗೊತ್ತಿರಲಿ.

ಕಾಮರ್ಸ್ ಭಾಷೆಯಲ್ಲಿ ಹೇಳ್ತೀನಿ. ಮರಿಯ ಬೆಲೆ ಒಂದು ಸಲದ ಖರ್ಚು. ಕೂದಲು ಹನ್ನೆರಡು, ಹದಿನಾಲ್ಕು ವರ್ಷದ ಖರ್ಚು. ಉದುರಬೇಕಾದ ಕೂದಲು ನೆಲಕ್ಕೆ ಬೀಳದೆ ಒಳಗೇ ಸಿಕ್ಕಿಕೊಳ್ಳುತ್ತೆ. ವಾರಕ್ಕೆ ಮೂರ್ನಾಲ್ಕು ಸಲ ಬುಡದವರೆಗೂ ಬಾಚಬೇಕು. ಬರೀ ಮೇಲೆ ಬಾಚಿದ್ರೆ ನೋಡೋಕೆ ಚೆನ್ನಾಗಿರುತ್ತೆ, ಅಡಿಯಲ್ಲಿ ಕಂಬಳಿ ಹಾಗೆ ಜಡೆಗಟ್ಟಿರುತ್ತೆ. ಬ್ರಷ್ ಆದ ಮೇಲೆ ಸ್ಟೀಲ್ ಬಾಚಣಿಗೆ ಚರ್ಮದಿಂದ ತುದಿವರೆಗೆ ತಡೆಯಿಲ್ಲದೆ ಬಂದ್ರೆ ಸರಿ ಅಂತ ಲೆಕ್ಕ. ಜಡೆಗಟ್ಟಿದ ಕೂದಲು ಹೆಜ್ಜೆ ಇಟ್ಟಾಗಲೆಲ್ಲ ಚರ್ಮ ಎಳೆಯುತ್ತೆ, ಒಳಗೆ ಗಾಯ ಆದ್ರೂ ಕಾಣಲ್ಲ. ಆರರಿಂದ ಎಂಟು ವಾರಕ್ಕೊಮ್ಮೆ ಕಟಿಂಗ್ ಬೇಕೇ ಬೇಕು. ಕಂಕುಳು, ಕಿವಿ ಹಿಂಭಾಗ, ಕುತ್ತಿಗೆ ಪಟ್ಟಿಯ ಅಡಿ, ಈ ಜಾಗಗಳಲ್ಲಿ ಮೊದಲು ಗಂಟಾಗುತ್ತೆ.

ಕಿವಿ ಇನ್ನೊಂದು ಕೆಲಸ. ಜೋತುಬಿದ್ದ ಕಿವಿ, ಒಳಗೂ ಕೂದಲು, ಗಾಳಿ ಆಡಲ್ಲ. ಸ್ನಾನ ಆದ ಮೇಲೆ ಒಣಗಿಸದೆ ಬಿಟ್ರೆ ಸೋಂಕು. ವಾರಕ್ಕೊಮ್ಮೆ ಮೂಸಿ ನೋಡಿ. ಕೆಟ್ಟ ವಾಸನೆ ಬಂದ್ರೆ, ನಾಯಿ ತಲೆ ಒದರ್ತಾ ಇದ್ರೆ ಡಾಕ್ಟರ್ ಹತ್ತಿರ ಹೋಗಿ. ಬಡ್ಸ್ ಹಾಕಿ ಕೆದಕಬೇಡಿ.

ನಮ್ಮ ಕಡೆಯ ತಲೆನೋವು ಉಣ್ಣೆ ಹುಳ. ಬೀದಿ ನಾಯಿಯ ಗಿಡ್ಡ ಕೂದಲಲ್ಲಿ ಕಣ್ಣಿಗೆ ಕಾಣುತ್ತೆ. ಗುಂಗುರು ಕೂದಲಲ್ಲಿ ಬೆರಳಾಡಿಸಿದ್ರೂ ಸಿಗಲ್ಲ. ಅದರಿಂದ ಬರೋ ಟಿಕ್ ಫೀವರ್ ನಾಯಿ ಪ್ರಾಣ ತೆಗೆಯಬಹುದು. ಡಾಕ್ಟರ್ ಕೊಡೋ ಉಣ್ಣೆ ಔಷಧಿ ತಪ್ಪಿಸಬೇಡಿ. ಜ್ವರ, ಊಟ ಬಿಡೋದು, ವಸಡು ಬಿಳಚಿಕೊಳ್ಳೋದು ಕಂಡ್ರೆ ಕಾಯಬೇಡಿ. ರೇಬೀಸ್, ಪಾರ್ವೋ, ಡಿಸ್ಟೆಂಪರ್ ಲಸಿಕೆ ಯಾವ ನಾಯಿಗಾದ್ರೂ ಕಡ್ಡಾಯ ಅಂತಲೇ ತಿಳ್ಕೊಳ್ಳಿ.

ಆಮೇಲೆ ಓಟ. ಅಪ್ಪ, ಅಮ್ಮ ಇಬ್ಬರೂ ನೀರಿಗೆ ಹಾರ್ತಿದ್ದ ಕೆಲಸಗಾರರು. ಟೆಡ್ಡಿ ಬೇರ್ ಮುಖ ನೋಡಿ ಮೋಸ ಹೋಗಬೇಡಿ. ದೊಡ್ಡ ಸೈಜಿನದು ಬೆಳೆದ್ರೆ 25-30 ಕೆ.ಜಿ. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ನಡಿಗೆ, ಆಟ ಬೇಕು. ತಲೆಗೂ ಕೆಲಸ ಬೇಕು. ಇಬ್ಬರೂ ಬೆಳಗ್ಗೆ ಎಂಟಕ್ಕೆ ಆಫೀಸಿಗೆ ಹೋಗಿ ರಾತ್ರಿ ಬರೋ ಫ್ಲ್ಯಾಟ್‌ನಲ್ಲಿ ಇದು ಸೋಫಾ ಹರಿದ್ರೆ ತಪ್ಪು ನಾಯಿದಲ್ಲ. ಬೇಸಿಗೆಯಲ್ಲಿ ಬಿಸಿಲು ಏರೋ ಮುಂಚೆ ಮತ್ತು ಟಾರ್ ರಸ್ತೆ ತಣ್ಣಗಾದ ಮೇಲೆ ಮಾತ್ರ ವಾಕಿಂಗ್. ಊಟದಲ್ಲೂ ಹುಷಾರು. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ಕಾಲು ಭಾಗಕ್ಕೆ ಹಸಿವು ಹೆಚ್ಚಿಸೋ ಒಂದು ಜೀನ್ ಬದಲಾವಣೆ ಇದೆ ಅಂತ 2016ರಲ್ಲಿ ಕೇಂಬ್ರಿಡ್ಜ್‌ನವರು ಕಂಡುಹಿಡಿದ್ರು. ಅದು ಮರಿಗೂ ಬಂದಿರಬಹುದು. ದೀನವಾಗಿ ನೋಡಿತು ಅಂತ ಪ್ರತಿ ಸಲ ತಟ್ಟೆಯಿಂದ ಚಪಾತಿ ಹಾಕಿದ್ರೆ ಆ ಭಾರ ಬೀಳೋದು ಅದೇ ಸೊಂಟದ ಕೀಲಿನ ಮೇಲೆ.

ಕೊಳ್ಳೋ ಮುಂಚೆ ಕಾನೂನು ಏನು ಹೇಳುತ್ತೆ ಅಂತಲೂ ತಿಳ್ಕೊಳ್ಳಿ. 2017ರ ಕೇಂದ್ರ ನಿಯಮಗಳ ಪ್ರಕಾರ ನಾಯಿ ಬ್ರೀಡಿಂಗ್ ಮಾಡೋರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಎಂಟು ವಾರ ತುಂಬದ ಮರಿ ಮಾರೋ ಹಾಗಿಲ್ಲ. ನೋಂದಣಿ ನಂಬರ್ ಕೇಳಿ. ತಾಯಿ ನಾಯಿಯನ್ನ ತೋರಿಸಿ ಅನ್ನಿ. ಅಪ್ಪ ಅಮ್ಮನ ಸೊಂಟದ ಎಕ್ಸ್‌ರೇ, ಕಣ್ಣಿನ ಡಿಎನ್ಎ ರಿಪೋರ್ಟ್ ಕೇಳಿ. ರೀಲ್ ಇದೆ, ರಿಪೋರ್ಟ್ ಇಲ್ಲ ಅಂದ್ರೆ ಎದ್ದು ಬನ್ನಿ.

ಈಗ ಅಕ್ಕನ ಮನೆಗೆ ವಾಪಸ್. ಇದನ್ನೆಲ್ಲ ಓದಿ ನಾನು ಭಾವನಿಗೆ ಒಂದೇ ಮಾತು ಹೇಳಿದೆ: “ಭಾವ, ಕಾನ್ರನ್ ಮಾಡಿದ್ದನ್ನೇ ನಾವೂ ಮಾಡೋಣ. ಹೆಸರು ನಂಬೋದು ಬೇಡ, ಆ ನಾಯಿಯನ್ನೇ ಪರೀಕ್ಷೆ ಮಾಡೋಣ.” ಭಾವ ಮಾರೋರಿಗೆ ಫೋನ್ ಮಾಡಿ, ಮಗನನ್ನ ಕರ್ಕೊಂಡು ಬಂದು ಎರಡು ಮೂರು ಸಲ ಮರಿ ಜೊತೆ ಕೂರಿಸಬಹುದಾ ಕೇಳಿದ್ರು. “ಗ್ಯಾರಂಟಿ ಇದೆಯಲ್ಲ ಸರ್, ಅದೆಲ್ಲ ಯಾಕೆ” ಅಂತ ಉತ್ತರ ಬಂತು. ಅಲ್ಲಿಗೆ ಅಡ್ವಾನ್ಸ್ ಮಾತು ನಿಂತಿತು.

ಆಮೇಲೆ ಭಾವನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಬೆಳೆದ ಲ್ಯಾಬ್ರಡೂಡಲ್ ಇದೆ ಅಂತ ಗೊತ್ತಾಯ್ತು. ಮಗುವಿನ ಡಾಕ್ಟರನ್ನ ಕೇಳಿ, ಅವರು ಒಪ್ಪಿದ ಮೇಲೆ, ಬ್ಯಾಗಲ್ಲಿ ಇನ್ಹೇಲರ್ ಇಟ್ಕೊಂಡು ಹೋದ್ವಿ. ವೀಸಿಂಗ್ ಇರೋ ಮಕ್ಕಳನ್ನ ಡಾಕ್ಟರ್ ಕೇಳದೆ ಹೀಗೆ ಕರ್ಕೊಂಡು ಹೋಗಬೇಡಿ, ದಯವಿಟ್ಟು. ಮೊದಲ ಸಲ ಏನೂ ಆಗಲಿಲ್ಲ. ಹುಡುಗನ ಖುಷಿ ನೋಡಬೇಕಿತ್ತು. ಮನೆಗೆ ಬಂದು ನಾಯಿಗೆ ಹೆಸರೂ ಇಟ್ಟ. ಎರಡನೇ ಸಲ ಅರ್ಧ ಗಂಟೆ ಆಗೋಷ್ಟರಲ್ಲಿ ಸೀನು ಶುರುವಾಯ್ತು. ಕಣ್ಣು ಕೆಂಪಗಾಯ್ತು. ಅಕ್ಕ ಏನೂ ಮಾತಾಡದೆ ಅವನನ್ನ ಎತ್ಕೊಂಡು ಹೊರಗೆ ಬಂದಳು.

ಕಾರಲ್ಲಿ ನನ್ನ ಪಕ್ಕ ಕೂತಿದ್ದ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ, “ಮಾಮ, ಅದಕ್ಕೆ ನಾನಂದ್ರೆ ಆಗಲ್ವಾ?”

“ಹಾಗಲ್ಲ ಕಣೋ. ಅದಕ್ಕೆ ನೀನಂದ್ರೆ ಇಷ್ಟ. ನಿನ್ನ ಮೂಗಿಗೆ ಅದು ಆಗಲ್ಲ ಅಷ್ಟೆ” ಅಂದೆ. ಅವನಿಗೆ ಸಮಾಧಾನ ಆಗಲಿಲ್ಲ. ನನಗೂ ಆಗಲಿಲ್ಲ.

ಆದರೆ ಒಂದು ಯೋಚನೆ ಮಾಡಿ. ಇದೇ ಸೀನು ಮರಿ ಮನೆಗೆ ಬಂದು ಮೂರು ತಿಂಗಳಾದ ಮೇಲೆ ಶುರುವಾಗಿದ್ರೆ? ಹುಡುಗ ಹಚ್ಕೊಂಡಿರ್ತಿದ್ದ, ನಾಯಿ ಹಚ್ಕೊಂಡಿರ್ತಿತ್ತು. ಕೊನೆಗೆ ಯಾರಾದ್ರೂ ತಗೊಳ್ಳಿ ಅಂತ ನಾವು ಗ್ರೂಪ್‌ಗಳಲ್ಲಿ ಫೋಟೋ ಹಾಕಬೇಕಿತ್ತು. ಗ್ಯಾರಂಟಿ ಕೊಟ್ಟವರು ಅಷ್ಟು ಹೊತ್ತಿಗೆ ಮುಂದಿನ ರೀಲ್ ಹಾಕಿರ್ತಿದ್ರು.

ಹವಾಯಿಯ ಆ ಮನೆಗೆ ಸುಲ್ತಾನ್ ಒಗ್ಗಿದ್ದು ಅವನ ಹೆಸರು ಲ್ಯಾಬ್ರಡೂಡಲ್ ಅಂತ ಅಲ್ಲ. ಯಾರೋ ಒಬ್ಬರು ಕೂದಲು, ಜೊಲ್ಲು ಕಳಿಸಿ, ಉತ್ತರಕ್ಕೆ ಕಾದು, ಆಮೇಲೆ ನಾಯಿ ಕಳಿಸಿದ್ರು, ಅದಕ್ಕೆ.

ನಿಮ್ಮ ಮನೆಯಲ್ಲೂ ಇಂಥ ರೀಲ್ ಓಡಾಡ್ತಿದ್ರೆ ಈ ಎಪಿಸೋಡ್ ಅವರಿಗೆ ಕಳಿಸಿ. ನಾಯಿ ತಂದು ಅಲರ್ಜಿಯಿಂದ ಒದ್ದಾಡಿದವರು, ಅಥವಾ ಅಲರ್ಜಿ ಇದ್ದೂ ಹೇಗೋ ಹೊಂದಿಸಿಕೊಂಡು ಸಾಕ್ತಿರೋರು ವಾಯ್ಸ್ ನೋಟ್ ಮಾಡಿ. ಮುಂದಿನ ವಾರ ಸಿಗೋಣ.